ತಂಗಿ, ಈಗಲೇ ಸಂಬಂಧ ನೋಡಬೇಡ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಮಗಳಿಗೆ ಡಿವೋರ್ಸ್ ಆಗಿ ನಾಲ್ಕು ತಿಂಗಳಾಯ್ತು, ಅವಳಿಗೆ ರಾತ್ರಿ ನಿದ್ದೆ ಇಲ್ಲ, ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಾಳೆ, ಗಂಗಾವತಿ ಕಡೆಯಿಂದ ಒಂದು ಸಂಬಂಧ ಬಂದಿದೆ, ಮಾಡಿ ಮುಗಿಸೋಣ್ವಾ ಅಂತ ಕೇಳಿದ್ದೀಯ. ಬೇಡ ತಂಗಿ. ಈಗಲೇ ಸಂಬಂಧ ನೋಡಬೇಡ.

ನನ್ನ ಕಥೆ ನಿನಗೆ ಗೊತ್ತಿದ್ದದ್ದೇ. ಕೋರ್ಟಿನ ಕಾಗದ ಕೈಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ, ಅಣ್ಣ ಸಿಂಧನೂರಿನವರನ್ನು ಕರೆಸಿದ. ಒಳ್ಳೆಯ ಜನ, ಭತ್ತದ ಗದ್ದೆ ಇತ್ತು. ವೈನಿ ತನ್ನ ಇಳಕಲ್ ಸೀರೆ ಉಡಿಸಿದಳು. ಚಹಾದ ತಾಟು ಹಿಡಿದು ಹೊಸ್ತಿಲಿಗೆ ಬಂದೆ, ಕಪ್ಪುಗಳು ಟಕಟಕ ಬಡಿದುಕೊಳ್ಳತೊಡಗಿದವು. ಕೈ ನಡುಗೋದು ನಿಲ್ಲಲೇ ಇಲ್ಲ. ಆತ ಸುಮ್ನೆ ಹೆಸರು ಕೇಳಿದ. ನನ್ನ ಹೆಸರೇ ನನ್ನ ಬಾಯಿಗೆ ಬರಲಿಲ್ಲ. ಆತ ಕಾಲ ಮೇಲೆ ಕಾಲು ಹಾಕಿ ಕೂತದ್ದು ಮೊದಲಿನವನ ಹಾಗೇ ಕಂಡಿತು. ಪಾಪ, ಆತನದೇನು ತಪ್ಪು? ಚಹಾ ಕೆನೆಗಟ್ಟಿತು, ಅವರು ಎದ್ದು ಹೋದರು. ಆಮೇಲೆ ಒಂದು ವರ್ಷ ನಾನು ತಲೆಬಾಗಿಲು ದಾಟಲಿಲ್ಲ. ಅಂಗನವಾಡಿಗೆ ಸಹಾಯಕಿಯಾಗಿ ಹೋಗತೊಡಗಿದ ಮೇಲೇ ನನಗೆ ನಿದ್ದೆ ಅಂತ ಬಂದದ್ದು. ಅದಕ್ಕೇ ಮತ್ತೆ ಹೇಳ್ತೇನೆ, ಈಗಲೇ ಸಂಬಂಧ ನೋಡಬೇಡ.

ನಮ್ಮವರಾದರೂ ಸುಮ್ಮನಿದ್ದರಾ? ಒಂದು ಸೀಮಂತದ ಕುಬಸದಲ್ಲಿ ಸಾಲಾಗಿ ಎಲ್ಲರಿಗೂ ಅರಿಷಿಣ ಕುಂಕುಮ ಹಚ್ಚುತ್ತಾ ಬಂದು, ನನ್ನನ್ನು ದಾಟಿ ಪಕ್ಕದವಳಿಗೆ ಹಚ್ಚಿದರು. ಬೆಳಗಿನಿಂದ ಅದೇ ಮನೆಗೆ ರೊಟ್ಟಿ ಬಡಿದಿದ್ದೆ ನಾನು! ಯಾರು ಅಂತ ಹೇಳಲ್ಲ. ಇಷ್ಟು ವರ್ಷವಾದರೂ ಆ ಕುಂಕುಮದ ತಟ್ಟೆ ಕಣ್ಣ ಮುಂದಿದೆ. ನಿನ್ನ ಮಗಳಿಗೆ ಯಾರಾದರೂ ಹಾಗೆ ಮಾಡಿದರೆ ನನಗೆ ಹೇಳು, ನಾನೇ ಬಂದು ಅವಳಿಗೆ ಹಚ್ಚುತ್ತೇನೆ.

ಅಯ್ಯೋ, ಮುಖ್ಯ ಮಾತೇ ಉಳಿಯಿತು. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಇದೆ, 14416. ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅವಳೇ ಮಾತಾಡಲಿ, ನೀನು ಪಕ್ಕದಲ್ಲಿ ಕೂತು ಕೇಳಬೇಡ. ನಿದ್ದೆ ಹೀಗೇ ಕೆಟ್ಟರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸು. ಜನ ಏನಂತಾರೋ ಅನ್ನಬೇಡ. ಊರೂರಿನ ಆಸ್ಪತ್ರೆಯಲ್ಲೇ ಮನಸ್ಸಿಗೆ ಔಷಧಿ ಕೊಡೋದನ್ನು ನಿಮ್ಹಾನ್ಸ್‌ನವರು 1985ರಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನು ನೋಡಿಯೇ 1996ರಲ್ಲಿ ಸರ್ಕಾರ ಬೇರೆ ಕಡೆಗೂ ತಂದಿತು. ಸಾಯುವ ಮಾತೇನಾದರೂ ಆಡಿದರೆ ಒಬ್ಬಳನ್ನೇ ಬಿಡಬೇಡ, ಆ ಕ್ಷಣವೇ ಫೋನ್ ಮಾಡು.

ಭಾನುವಾರ ಅವಳನ್ನು ನನ್ನ ಹತ್ತಿರ ಕಳಿಸು. ಮುನಿರಾಬಾದ್ ಸ್ಟೇಷನ್ನಿಗೆ ನಾನೇ ಬಂದಿರ್ತೇನೆ.