ಹತ್ತನೇ ಸ್ಥಾನದಿಂದ ಫೈನಲ್‌ಗೆ: ಜೆರಾರ್ಡ್‌ಗೆ ಸಲ್ಲಬೇಕಾದದ್ದು ಎಷ್ಟು?

ನೀಲಿ ಗ್ಯಾಲರಿ
2025ರ ಏಪ್ರಿಲ್ 12ರಂದು ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನ ಫೈನಲ್ ಸೋತ ನೋವು ಇನ್ನೂ ಇಳಿದಿಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 1-2 ಆಯಿತು. ಅವತ್ತಿನಿಂದ ನಮ್ಮ ಅಭಿಮಾನಿಗಳೇ ಕೆಲವರು ಕೋಚ್ ಜೆರಾರ್ಡ್ ಜರಗೋಜಾ ಹೋಗಲಿ ಅಂತ ಶುರು ಮಾಡಿದ್ದಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಒಂದೇ ಒಂದು ಹೋಲಿಕೆ ನೋಡಿ. 2024ರ ಏಪ್ರಿಲ್‌ನಲ್ಲಿ ಇದೇ ಮೋಹನ್ ಬಗಾನ್ ನಮ್ಮ ಕಂಠೀರವಕ್ಕೆ ಬಂದು 4-0 ಹೊಡೆದು ಹೋಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಮೈದಾನದಲ್ಲಿ ನಾವು ಅವರಿಗೆ 3-0 ಹೊಡೆದೆವು. ನಡುವೆ ಆರು ತಿಂಗಳೂ ಇಲ್ಲ. 2023-24ರಲ್ಲಿ 12 ತಂಡಗಳಲ್ಲಿ ನಾವು ಹತ್ತನೆಯವರು, 22 ಮ್ಯಾಚ್‌ಗೆ 22 ಪಾಯಿಂಟ್. ಈ ಸಲ, 2024-25ರಲ್ಲಿ, 24 ಮ್ಯಾಚ್‌ಗೆ 38 ಪಾಯಿಂಟ್, ಮೂರನೇ ಸ್ಥಾನ, ಮೇಲೆ ಫೈನಲ್. ಇಷ್ಟೆಲ್ಲ ಆದ ಮೇಲೂ ಕೋಚ್ ಏನು ಮಾಡಿದರು ಅಂತ ಕೇಳುವುದು ಸರಿಯಾ?

ಲೆಕ್ಕದ ಪುಸ್ತಕ
ಸರಿಯಾಗೇ ಇದೆ, ಯಾಕಂದ್ರೆ ಈ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. 2023-24ರ ಹತ್ತನೇ ಸ್ಥಾನ ಹಿಂದಿನ ಕೋಚ್ ಸೈಮನ್ ಗ್ರೇಸನ್ ಒಬ್ಬರ ಖಾತೆಯದ್ದಲ್ಲ. ಗ್ರೇಸನ್ ಹೋಗಿದ್ದು 2023ರ ಡಿಸೆಂಬರ್‌ನಲ್ಲಿ. ಆಮೇಲಿನ ಅರ್ಧ ಸೀಸನ್ ಜೆರಾರ್ಡ್ ಕೈಯಲ್ಲೇ ಇತ್ತು. ನೀವು ಹೇಳಿದ ಆ 0-4 ಸೋಲೂ ಅವರದ್ದೇ. ಒಬ್ಬ ಕೋಚ್ ಬಂದ ತಕ್ಷಣ ತಂಡ ಎದ್ದು ನಿಂತಿತು ಅನ್ನೋ ಕಥೆ ಇಲ್ಲಿಲ್ಲ.

ತಂಡ ಎದ್ದಿದ್ದು ಯಾವಾಗ? ಹೊಸ ಆಟಗಾರರು ಬಂದ ಮೇಲೆ. ಪೆರೇರಾ ಡಿಯಾಜ್, ನೊಗುವೆರಾ, ರಾಹುಲ್ ಭೇಕೆ ಮೂವರೂ ಮುಂಬೈ ಸಿಟಿಯಿಂದ ಬಂದರು. ಅದೂ 2024ರ ಮೇನಲ್ಲಿ ಐಎಸ್‌ಎಲ್ ಕಪ್ ಎತ್ತಿದ ತಂಡದಿಂದ. ಜೊತೆಗೆ ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ. ಬೆನ್ನೆಲುಬನ್ನೇ ಬದಲಾಯಿಸಿದರೆ ಮೂರನೇ ಸ್ಥಾನ ಬರದೇ ಇರುತ್ತದಾ? ದುಡ್ಡು ಹಾಕಿದ್ದು ಮ್ಯಾನೇಜ್‌ಮೆಂಟ್. ನಾನು ಕ್ರೆಡಿಟ್‌ನ ದೊಡ್ಡ ಪಾಲು ಅವರಿಗೇ ಕೊಡ್ತೇನೆ.

ಆಸ್ಟಿನ್ ಟೌನ್ ಹಾಫ್‌ಬ್ಯಾಕ್
ಲೆಕ್ಕದವರೇ, ಆಟಗಾರರನ್ನು ತರುವುದು ಬೇರೆ, ಒಟ್ಟಿಗೆ ಆಡಿಸುವುದು ಬೇರೆ. ನಾನು ವಯಸ್ಸಿನಲ್ಲಿ ನಮ್ಮ ಏರಿಯಾದ ಲೀಗ್‌ಗಳಲ್ಲಿ ಆಡಿದವನು. ಒಳ್ಳೆ ಹನ್ನೊಂದು ಜನ ಸಿಕ್ಕೂ ಒಂದು ಪಾಸ್ ಕೂಡದ ತಂಡಗಳನ್ನು ಕಣ್ಣಾರೆ ನೋಡಿದ್ದೇನೆ. ಬಿಎಫ್‌ಸಿಯಲ್ಲೇ ಆಗಿಲ್ವಾ? ಗ್ರೇಸನ್ ಕಾಲಕ್ಕೆ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಜ್, ಸಂದೇಶ್ ಜಿಂಗನ್ ಎಲ್ಲ ಇದ್ದರು. ಹೆಸರು ನೋಡಿದರೆ ಇವತ್ತಿನ ತಂಡಕ್ಕಿಂತ ಏನೂ ಕಮ್ಮಿ ಇರಲಿಲ್ಲ. ಆದರೂ 2022-23ರ ಸೀಸನ್ ಮೊದಲರ್ಧದಲ್ಲಿ ಆ ತಂಡ ಕೆಳಗೇ ಬಿದ್ದಿತ್ತು. ಆಮೇಲೆ ಸಾಲಾಗಿ ಎಂಟು ಮ್ಯಾಚ್ ಗೆದ್ದು ಪ್ಲೇಆಫ್‌ಗೆ ಬಂದಿತು. ಹೆಚ್ಚುಕಮ್ಮಿ ಅದೇ ಆಟಗಾರರು, ಅದೇ ಕೋಚ್. ಅದನ್ನು ಯಾರ ಖಾತೆಗೆ ಬರೀತೀರಿ?

ಈ ಸಲ ನಾನು ಗಮನಿಸಿದ್ದು ಬಾಲ್ ಕಳೆದುಕೊಂಡ ಕ್ಷಣ. ಹಿಂದಿನ ವರ್ಷ ಬಾಲ್ ಹೋದರೆ ಮುಂದಿನ ಮೂವರು ಸುಮ್ನೆ ನಿಂತು ನೋಡುತ್ತಿದ್ದರು. ಈ ವರ್ಷ ರಯಾನ್ ವಿಲಿಯಮ್ಸ್ ಓಡಿ ಬಂದು ನಮ್ಮ ಹಾಫ್‌ನಲ್ಲಿ ಟ್ಯಾಕಲ್ ಮಾಡಿದ್ದಾನೆ. ಮಿಡ್‌ಫೀಲ್ಡರ್ ಸುರೇಶ್ ಮೊದಲು ಎದುರಾಳಿ ಬಾಕ್ಸ್ ಹತ್ತಿರ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ, ಈಗ ಗೋಲು ಹೊಡೆಯುತ್ತಿದ್ದಾನೆ. ವಿಲಿಯಮ್ಸ್ ಮತ್ತು ಸುರೇಶ್ ಇಬ್ಬರೂ ಹೊಸಬರಲ್ಲ, ಹತ್ತನೇ ಸ್ಥಾನದ ತಂಡದಲ್ಲೂ ಇದ್ದವರೇ. ಇದು ಚೆಕ್ ಬರೆದರೆ ಬರುವ ಬದಲಾವಣೆ ಅಲ್ಲ. ದಿನಾ ಬೆಳಗ್ಗೆ ಪ್ರಾಕ್ಟೀಸ್‌ನಲ್ಲಿ ಮಾಡಿಸಿದರೆ ಮಾತ್ರ ಬರುತ್ತದೆ.

ಕಾರ್ನರ್ ಫ್ಲ್ಯಾಗ್
ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಚೆಟ್ರಿ!

ಜೂನ್ 2024ರಲ್ಲಿ ಕುವೈತ್ ಮ್ಯಾಚ್ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದ ಮನುಷ್ಯ. ಆಗಸ್ಟ್‌ಗೆ 40 ತುಂಬಿತು. ಇನ್ನು ಕ್ಲಬ್‌ನಲ್ಲೂ ಮುಗೀತು ಅಂದುಕೊಂಡವರೇ ಜಾಸ್ತಿ. ಜೆರಾರ್ಡ್ ಏನು ಮಾಡಿದರು? ಸೀಸನ್ ಶುರುವಿನಲ್ಲಿ ಬೆಂಚ್‌ನಿಂದ ಇಳಿಸಿದರು. ಹೈದರಾಬಾದ್ ವಿರುದ್ಧ ಸಬ್ ಆಗಿ ಬಂದು ಕೊನೆಯಲ್ಲಿ ಎರಡು ಗೋಲು. ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, 4-2. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಬೇರೆ ಯಾರೂ ಇಲ್ಲ. ಸೀಸನ್ ಮುಗಿಯುವಾಗ 14 ಗೋಲು, ಭಾರತೀಯರಲ್ಲಿ ಎಲ್ಲರಿಗಿಂತ ಮೇಲೆ. ಮಾರ್ಚ್‌ನಲ್ಲಿ ಭಾರತ ತಂಡದವರೇ ವಾಪಸ್ ಕರೆದರು.

ಸೆಮಿಫೈನಲ್ ಎರಡನೇ ಲೆಗ್ ಮರೆಯೋಕೆ ಆಗುತ್ತಾ? ಗೋವಾದವರು ಅವರ ಊರಲ್ಲಿ 2-0 ಮಾಡಿ ಒಟ್ಟು ಸ್ಕೋರ್ ಸಮ ಮಾಡಿದ್ದರು. ಇಂಜುರಿ ಟೈಮ್‌ನಲ್ಲಿ ಸಬ್ ಆಗಿ ಬಂದ ಚೆಟ್ರಿ ಹೆಡರ್. ನಲವತ್ತರ ಕಾಲುಗಳನ್ನು ಏಪ್ರಿಲ್ ತನಕ ಉಳಿಸಿಟ್ಟುಕೊಂಡಿದ್ದು ಕೋಚ್ ಕೆಲಸ ಅಲ್ಲದೆ ಇನ್ನೇನು?

ಲೆಕ್ಕದ ಪುಸ್ತಕ
ಚೆಟ್ರಿ ವಿಷಯದಲ್ಲಿ ನನ್ನ ತಕರಾರಿಲ್ಲ. ಆ ನಿರ್ಧಾರ ಚೆನ್ನಾಗಿತ್ತು. ಆದರೆ ಅದರ ಇನ್ನೊಂದು ಮುಖವೂ ಇದೆ. 40 ವರ್ಷದ ಆಟಗಾರ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ ಅಂದರೆ, ಮುಂದಿನ ಸ್ಟ್ರೈಕರ್‌ನನ್ನು ಬೆಳೆಸೋದು ಯಾರ ಕೆಲಸ?

ಮಂಗಳೂರು ಎಡಗಾಲು
ನನ್ನ ಸಿಟ್ಟೇ ಬೇರೆ ಮಾರಾಯ್ರೆ. ಲೀಡ್ ತೆಗೆದುಕೊಂಡು ಸೋಲುವುದು. ಇದರ ಬಗ್ಗೆ ಯಾರೂ ಮಾತೇ ಎತ್ತಿಲ್ಲ.

2024ರ ಆಗಸ್ಟ್, ಡುರಾಂಡ್ ಕಪ್ ಸೆಮಿಫೈನಲ್. ಮೋಹನ್ ಬಗಾನ್ ಮೇಲೆ 2-0 ಮುಂದೆ. ಅವರು ಎರಡೂ ವಾಪಸ್ ಹೊಡೆದು ಪೆನಾಲ್ಟಿಯಲ್ಲಿ ಗೆದ್ದರು. ಜನವರಿಯಲ್ಲಿ ಜಮ್ಶೆಡ್‌ಪುರ, 1-0 ಮುಂದೆ ಇದ್ದು ಕೊನೆಯ ಹತ್ತು ನಿಮಿಷದೊಳಗೆ ಎರಡು ಬಿಟ್ಟುಕೊಟ್ಟೆವು. ಅದೇ ತಿಂಗಳು ಕಂಠೀರವದಲ್ಲಿ ಒಡಿಶಾ, 2-0 ಇದ್ದದ್ದು 2-3 ಆಯಿತು. ಫೈನಲ್‌ನಲ್ಲಿ 49ನೇ ನಿಮಿಷಕ್ಕೆ ಅವರ ಸೆಲ್ಫ್ ಗೋಲ್, ನಾವು ಮುಂದೆ. 72ನೇ ನಿಮಿಷಕ್ಕೆ ಪೆನಾಲ್ಟಿ, ಕಮಿಂಗ್ಸ್ ಹೊಡೆದ. ಎಕ್ಸ್‌ಟ್ರಾ ಟೈಮ್‌ನಲ್ಲಿ ಮ್ಯಾಕ್ಲಾರೆನ್.

ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನಾಲ್ಕು ಸಲ ಆದರೆ ಅದು ಕೋಚ್‌ನ ಪಾಠದಲ್ಲಿ ಇಲ್ಲದ ಅಧ್ಯಾಯ. ಮುಂದೆ ಇದ್ದಾಗ ಆಟ ನಿಧಾನ ಮಾಡುವುದು, ಬಾಲ್ ಕಾಲಲ್ಲಿ ಇಟ್ಟುಕೊಳ್ಳುವುದು, ಸರಿಯಾದ ಹೊತ್ತಿಗೆ ಕಾಲಿನಲ್ಲಿ ಕಸುವಿರುವವನನ್ನು ಇಳಿಸುವುದು. ಹತ್ತನೇ ಸ್ಥಾನದಿಂದ ಮೇಲೆ ತಂದಿದ್ದಕ್ಕೆ ಕೈಮುಗಿಯುತ್ತೇನೆ. ಆದರೆ ಕಪ್ ಗೆಲ್ಲಿಸುವ ಕೋಚ್ ಬೇರೆ ತರಹ ಇರುತ್ತಾರೆ.

ನೀಲಿ ಗ್ಯಾಲರಿ
ಎಡಗಾಲು, ನೀವು ಸೋತ ಲೀಡ್‌ಗಳನ್ನು ಮಾತ್ರ ಎಣಿಸಿದಿರಿ. ಐಎಸ್‌ಎಲ್‌ನ ಮೊದಲ ಐದು ಮ್ಯಾಚ್‌ಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಈಸ್ಟ್ ಬೆಂಗಾಲ್ ಮೇಲೆ 1-0, ಪಂಜಾಬ್ ಮೇಲೆ 1-0. ಆಗ ಲೀಡ್ ಹಿಡಿದಿಟ್ಟುಕೊಂಡವರು ಇವರೇ ಅಲ್ವಾ? ಡಿಸೆಂಬರ್‌ನಲ್ಲಿ ಗೋವಾ ನಮ್ಮ ಮೇಲೆ 2-0 ಇದ್ದಾಗ ವಾಪಸ್ ಬಂದು 2-2 ಮಾಡಿದ್ದೂ ಇದೇ ತಂಡ.

ಮಂಗಳೂರು ಎಡಗಾಲು
ಒಪ್ಪಿದೆ. ಆದರೆ ಅದರಿಂದ ನನ್ನ ಪ್ರಶ್ನೆ ಇನ್ನೂ ಗಟ್ಟಿ ಆಗುತ್ತದೆ. ಸೆಪ್ಟೆಂಬರ್‌ನಲ್ಲಿ ಬರುತ್ತಿದ್ದದ್ದು ಜನವರಿಯಲ್ಲಿ ಯಾಕೆ ಬರಲಿಲ್ಲ? ಅದೇ ಜನವರಿಯಲ್ಲಿ ಕಂಠೀರವದಲ್ಲಿ ಮೊಹಮ್ಮಡನ್ಸ್ ಕೈಲೂ 0-1 ಸೋತೆವು. ಆ ಸೀಸನ್ ಕೊನೇ ಸ್ಥಾನಕ್ಕೆ ಇಳಿದ ತಂಡ ಅದು.

ಆಸ್ಟಿನ್ ಟೌನ್ ಹಾಫ್‌ಬ್ಯಾಕ್
ಇದಕ್ಕೆ ನನ್ನ ಉತ್ತರ ಕಾಲು. ದಣಿದ ಕಾಲು. ಡುರಾಂಡ್‌ಗೋಸ್ಕರ ಜುಲೈ-ಆಗಸ್ಟ್‌ನಲ್ಲೇ ಪೂರ್ತಿ ಕಸುವು ಹಾಕಿ ಶುರು ಮಾಡಿದರು. ಅದರ ಫಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಣಿಸಿತು. ಜನವರಿಗೆ ಬಿಲ್ ಬಂತು. ಬಾಲ್ ಹೋದ ತಕ್ಷಣ ಓಡಿ ಒತ್ತಡ ಹಾಕುವ ಆಟ ಆಡಿಸಿದರೆ 70ನೇ ನಿಮಿಷದ ನಂತರ ಗ್ಯಾಪ್ ಬೀಳೋದು ಸಹಜ.

ಫೈನಲ್ ಲೆಕ್ಕವನ್ನೂ ನೋಡಿ. ಮಾರ್ಚ್ 29ಕ್ಕೆ ನಾವು ಮುಂಬೈ ಸಿಟಿ ಜೊತೆ ನಾಕೌಟ್ ಆಡಿದೆವು, 5-0. ಏಪ್ರಿಲ್ 2 ಮತ್ತು 6ಕ್ಕೆ ಗೋವಾ. 12ಕ್ಕೆ ಫೈನಲ್. ಹದಿನೈದು ದಿನದಲ್ಲಿ ನಾಲ್ಕು ದೊಡ್ಡ ಮ್ಯಾಚ್. ಮೋಹನ್ ಬಗಾನ್ 56 ಪಾಯಿಂಟ್ ಮಾಡಿ, ಲೀಗ್ ಪಟ್ಟಿಯ ಮೊದಲ ಸ್ಥಾನಕ್ಕೆ ಸಿಗುವ ಶೀಲ್ಡ್ ಗೆದ್ದು ನೇರ ಸೆಮಿಗೆ ಬಂದವರು. ಆ ಸೀಸನ್ ಸಾಲ್ಟ್ ಲೇಕ್‌ನಲ್ಲಿ ಒಂದೂ ಲೀಗ್ ಮ್ಯಾಚ್ ಸೋತಿರಲಿಲ್ಲ. ನಮಗೂ ಅವರಿಗೂ ನಡುವೆ 18 ಪಾಯಿಂಟ್ ಅಂತರ. ಅಂಥವರನ್ನು ಅವರ ಮನೆಯಲ್ಲೇ ಎಕ್ಸ್‌ಟ್ರಾ ಟೈಮ್ ತನಕ ಎಳೆದದ್ದು ನನ್ನ ಕಣ್ಣಿಗೆ ಕೋಚ್‌ನ ಸೋಲಾಗಿ ಕಾಣಿಸಲ್ಲ.

ಬಿಎಫ್‌ಸಿ 2013
ಹಳೆಯ ಕೋಚ್‌ಗಳನ್ನು ನೋಡದೆ ಈ ಚರ್ಚೆ ಪೂರ್ತಿ ಆಗಲ್ಲ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಶುರುವಾದ ದಿನದಿಂದ ನೋಡುತ್ತಾ ಬಂದಿದ್ದೇನೆ.

ಆಶ್ಲಿ ವೆಸ್ಟ್‌ವುಡ್ ಬಂದಾಗ ಕ್ಲಬ್ಬೇ ಹೊಸದು. ಚೆಟ್ರಿ ಬಿಟ್ಟರೆ ಸಾಮಾನ್ಯ ಜನಕ್ಕೆ ಗೊತ್ತಿದ್ದ ಹೆಸರು ಎಷ್ಟಿದ್ದವು? ಮೊದಲ ಸೀಸನ್‌ಗೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದರು. ಮುಂದೆ ಫೆಡರೇಶನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್. ಬರೀ ನೆಲದಲ್ಲಿ ಮನೆ ಕಟ್ಟಿದ ಕೋಚ್ ಅಂದರೆ ಅವರು. ಕೋಚ್ ಪ್ರಭಾವ ಅಂತ ನೋಡಿದರೆ ನನ್ನ ಪ್ರಕಾರ ಅವರೇ ಮೊದಲು.

ಆಲ್ಬರ್ಟ್ ರೋಕಾ ಅದೇ ತಂಡವನ್ನು ತೆಗೆದುಕೊಂಡು ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ 2016ರ ಫೈನಲ್‌ಗೆ ಹೋದರು. ಮಲೇಷ್ಯಾದ ಜೊಹೋರ್ ವಿರುದ್ಧದ ಆ 3-1 ರಾತ್ರಿಯನ್ನು ಕಂಠೀರವದಲ್ಲಿ ನೋಡಿದವರು ಯಾರೂ ಮರೆಯಲ್ಲ. ಆದರೆ ಅದೇ ರೋಕಾ ಮುಂದಿನ ಐ-ಲೀಗ್‌ನಲ್ಲಿ ನಾಲ್ಕನೇ ಸ್ಥಾನ. 2018ರಲ್ಲಿ ಐಎಸ್‌ಎಲ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದು ನಮ್ಮೂರಲ್ಲೇ ಚೆನ್ನೈಯಿನ್ ಎದುರು ಫೈನಲ್ ಸೋತರು, 2-3. ಅಲ್ಲೂ ನಾವೇ ಮೊದಲ ಗೋಲು ಹೊಡೆದಿದ್ದೆವು. ಎಡಗಾಲು ಅವರೇ, ಲೀಡ್ ಕಳೆದುಕೊಳ್ಳೋದು ಜೆರಾರ್ಡ್ ತಂದ ಕಾಯಿಲೆ ಅಲ್ಲ.

ಆಗ ರೋಕಾ ಅವರ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾಡ್ರಟ್ ಮುಂದಿನ ವರ್ಷವೇ ಕಪ್ ತಂದರು. 2019ರ ಮಾರ್ಚ್ 17, ಮುಂಬೈ, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ಭೇಕೆ ಹೆಡರ್. ಆ ಕಪ್ಪಿನಲ್ಲಿ ಕ್ವಾಡ್ರಟ್ ಪಾಲು ಎಷ್ಟು, ರೋಕಾ ಕಟ್ಟಿದ್ದು ಎಷ್ಟು? ಅದೇ ಕ್ವಾಡ್ರಟ್ ಎರಡು ವರ್ಷ ತುಂಬುವುದರೊಳಗೆ, 2021ರ ಜನವರಿಯಲ್ಲಿ, ಸಾಲು ಸೋಲಿನ ನಂತರ ಹೊರಟರು. ಮುಂದೆ ಈಸ್ಟ್ ಬೆಂಗಾಲ್‌ಗೆ 2024ರ ಸೂಪರ್ ಕಪ್ ಗೆಲ್ಲಿಸಿದರು. ಅದೇ ವರ್ಷ ಐಎಸ್‌ಎಲ್‌ನ ಮೊದಲ ಮೂರು ಮ್ಯಾಚ್ ಸೋತು ಅಲ್ಲಿಂದಲೂ ಹೋದರು. ಅದರಲ್ಲಿ ಮೊದಲ ಸೋಲು ಕಂಠೀರವದಲ್ಲಿ ನಮ್ಮ ಕೈಯಲ್ಲೇ.

ಒಂದು ಸೀಸನ್ ನೋಡಿ ಕೋಚ್‌ನ ಬೆಲೆ ಕಟ್ಟಬಾರದು ಅನ್ನೋದು ಇದಕ್ಕೇ. ಹೊಗಳೋದಕ್ಕೂ ಇದು ಅನ್ವಯಿಸುತ್ತದೆ.

ಕಾರ್ನರ್ ಫ್ಲ್ಯಾಗ್
2013 ಅಣ್ಣ, ಆ ಈಸ್ಟ್ ಬೆಂಗಾಲ್ ಮ್ಯಾಚ್ ಗೆಲ್ಲಿಸಿದ ಗೋಲು ಯಾರದ್ದು? ವಿನೀತ್ ವೆಂಕಟೇಶ್. 19ರ ಹುಡುಗ. ಸೀಸನ್‌ನ ಮೊದಲ ಮ್ಯಾಚ್‌ಗೇ ಅವನನ್ನು ಇಳಿಸೋಕೆ ಕೋಚ್‌ಗೆ ಧೈರ್ಯ ಬೇಕು. ಡಿಯಾಜ್, ಚೆಟ್ರಿ ಇಬ್ಬರೂ ಇರುವ ತಂಡದಲ್ಲಿ ಹೆಚ್ಚಿನ ಕೋಚ್‌ಗಳು ಅಕಾಡೆಮಿ ಹುಡುಗನಿಗೆ 85ನೇ ನಿಮಿಷ ಕೊಡ್ತಾರೆ. ನನಗೆ ಜೆರಾರ್ಡ್ ಉಳಿಯಬೇಕು ಅನ್ನಿಸೋಕೆ ದೊಡ್ಡ ಕಾರಣ ಅದೇ. ಮುಂದಿನ ಸ್ಟ್ರೈಕರ್‌ನನ್ನು ಬೆಳೆಸೋದು ಯಾರ ಕೆಲಸ ಅಂತ ಲೆಕ್ಕದವರು ಕೇಳಿದ್ದರಲ್ಲ, ಗೋಲು ಹೊಡೆಯುವ ಹುಡುಗರಿಗೆ ಮೊದಲ ಅವಕಾಶವನ್ನಾದರೂ ಈ ಕೋಚ್ ಕೊಟ್ಟಿದ್ದಾರೆ.

ಲೆಕ್ಕದ ಪುಸ್ತಕ
ವಿನೀತ್ ವಿಷಯ ಒಪ್ಪುವಂಥದ್ದೇ. ಆದರೂ ನನ್ನ ಪಾಲು ಹಂಚಿಕೆ ಬದಲಾಗಲ್ಲ. ಆಟಗಾರರನ್ನು ತಂದಿದ್ದು ಮೊದಲು, ಕೋಚ್ ಎರಡನೆಯದು. ಡಿಯಾಜ್, ನೊಗುವೆರಾ ಇಲ್ಲದ ತಂಡವನ್ನು ಇದೇ ಕೋಚ್ ಅರ್ಧ ಸೀಸನ್ ನಡೆಸಿದ್ದನ್ನು ನಾವು ನೋಡಿಯೇ ಇದ್ದೇವೆ.

ಆಸ್ಟಿನ್ ಟೌನ್ ಹಾಫ್‌ಬ್ಯಾಕ್
ಮಧ್ಯದಲ್ಲಿ ಬಂದ ಕೋಚ್‌ಗೆ ಪ್ರೀ-ಸೀಸನ್ ಸಿಗಲ್ಲ ಸ್ವಾಮಿ. ಓಡುವ ಶಕ್ತಿ ಕಟ್ಟೋದು ಅಲ್ಲಿ. ಡಿಸೆಂಬರ್‌ನಲ್ಲಿ ಬಂದವರು ಮ್ಯಾಚ್‌ನಿಂದ ಮ್ಯಾಚ್‌ಗೆ ತೇಪೆ ಹಾಕ್ತಾರೆ ಅಷ್ಟೆ. ಅವರಿಗೆ ಪೂರ್ತಿಯಾಗಿ ಸಿಕ್ಕಿದ್ದು ಒಂದೇ ಪ್ರೀ-ಸೀಸನ್, ಅದರ ಕೊನೆಗೆ ಫೈನಲ್.

ಮಂಗಳೂರು ಎಡಗಾಲು
ಸರಿ, ಉಳಿಯಲಿ. ನಾನು ತೆಗೆದು ಹಾಕಿ ಅನ್ನುವವನಲ್ಲ. ಆದರೆ ಉಳಿಸಿಕೊಳ್ಳುವಾಗ ಕ್ಲಬ್ ಈ ಎರಡು ವಿಷಯ ಕೂತು ಮಾತಾಡಲಿ. ಒಂದು, ಮುಂದೆ ಇದ್ದಾಗ ಕೊನೆಯ ಇಪ್ಪತ್ತು ನಿಮಿಷ ಯಾರನ್ನು ಇಳಿಸಬೇಕು, ಬಾಲ್ ಯಾರ ಕಾಲಲ್ಲಿ ಇರಬೇಕು ಅನ್ನೋ ಪ್ಲಾನ್. ಇನ್ನೊಂದು, ಮಿಡ್‌ಫೀಲ್ಡ್‌ನಲ್ಲಿ ಕಾಪೊ, ಸುರೇಶ್ ದಣಿದಾಗ ಬೆಂಚ್‌ನಿಂದ ಬರುವವನು ಅವರಷ್ಟೇ ಗಟ್ಟಿ ಇರಬೇಕು. ಜನವರಿಯಲ್ಲಿ ಅಂಥವನೊಬ್ಬ ನನಗಂತೂ ಕಾಣಿಸಲಿಲ್ಲ.

ನೀಲಿ ಗ್ಯಾಲರಿ
ಎರಡನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅದು ಕೋಚ್ ಕೇಳಬೇಕಾದದ್ದು, ಮ್ಯಾನೇಜ್‌ಮೆಂಟ್ ಕೊಡಬೇಕಾದದ್ದು. ಮೊದಲನೆಯದರಲ್ಲಿ ಒಂದೇ ತಿದ್ದುಪಡಿ: ಫೈನಲ್‌ನಲ್ಲಿ ಮುಂದೆ ಬಂದ ಮೇಲೂ ನಾವು ಎರಡನೇ ಗೋಲಿಗೆ ಹೋದೆವು, ಬಸ್ ಅಡ್ಡ ನಿಲ್ಲಿಸಿದ ಹಾಗೆ ಎಲ್ಲರೂ ಗೋಲಿನ ಮುಂದೆ ಕೂರಲಿಲ್ಲ. ನನಗೆ ಅದೇ ಇಷ್ಟ ಆಯಿತು. ಮುಂದಿನ ಸೀಸನ್‌ನಲ್ಲೂ 1-0 ಆದ ಮೇಲೆ ತಂಡ ಮುಂದಕ್ಕೇ ಹೋಗಲಿ.

ಮಂಗಳೂರು ಎಡಗಾಲು
ಮುಂದಕ್ಕೆ ಹೋಗಲಿ, ಬೇಡ ಅಂದವರು ಯಾರು. ಹೋಗುವಾಗ ಹಿಂದೆ ಮೂವರು ನಿಲ್ಲಲಿ.