ಕಂದು ಕಲೆ ಹೋಗಲೆಂದು ದಿನಕ್ಕೆ ನಾಲ್ಕು ಬಾರಿ ಹಲ್ಲುಜ್ಜುವ ತಮ್ಮನಿಗೆ ಏನು ಹೇಳಲಿ?

ಪ್ರಶ್ನೆ (ಪಾವಗಡದ ಓದುಗಿ):
ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಕೊಳವೆಬಾವಿಯ ನೀರು ಕುಡಿದು ಬೆಳೆದ ನಮ್ಮೆಲ್ಲರ ಹಲ್ಲುಗಳಲ್ಲೂ ಕಂದು ಪಟ್ಟಿಗಳಿವೆ. ನನ್ನ ತಮ್ಮನಿಗೆ ಕಾಲೇಜಿನ ದಿನಗಳಿಂದಲೂ ಬಲವಾಗಿ ಹಲ್ಲು ತಿಕ್ಕುವ ಅಭ್ಯಾಸವಿದೆ. ಈಗ ಅವನಿಗೆ ಹೆಣ್ಣು ನೋಡಲು ಆರಂಭಿಸಿದ ಮೇಲಂತೂ ಗಡಸು ಬ್ರಷ್ ಹಿಡಿದು, ಉಪ್ಪು ಮತ್ತು ಇದ್ದಿಲ ಪುಡಿ ಬೆರೆಸಿಕೊಂಡು, ದಿನಕ್ಕೆ ನಾಲ್ಕು ಬಾರಿ ತಿಕ್ಕುತ್ತಾನೆ. ಹೊಸ ಬ್ರಷ್‌ನ ಎಳೆಗಳು ತಿಂಗಳು ತುಂಬುವ ಮೊದಲೇ ಕೆದರಿಹೋಗುತ್ತವೆ, ಕಲೆ ಮಾತ್ರ ಇದ್ದಂತೆಯೇ ಇದೆ. ಮೇಲ್ದವಡೆಯ ಎಡಗಡೆಯ ಕೋರೆಹಲ್ಲಿನ ಬುಡದಲ್ಲಿ ವಸಡು ಮೇಲಕ್ಕೆ ಸರಿದು, ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿದೆ. ತಣ್ಣೀರು, ಹುಣಸೆಹುಳಿ ತಗುಲಿದರೆ ಜುಮ್ಮೆನ್ನುತ್ತದೆಯಂತೆ. ಇದು ಹುಳುಕೇ, ಅಥವಾ ತಿಕ್ಕಿದ್ದರಿಂದ ಆದದ್ದೇ? ಕಡಿಮೆ ಮಾಡು ಎಂದರೆ ಬಾಯಿ ವಾಸನೆ ಬರುತ್ತದೆ ಎನ್ನುತ್ತಾನೆ.

ಉತ್ತರ (ದಂತವೈದ್ಯೆ, ತುಮಕೂರು):
ನೋಡದೆ ಖಚಿತವಾಗಿ ಹೇಳಲಾಗದು; ಆದರೆ ನೀವು ವಿವರಿಸಿರುವ ಲಕ್ಷಣಗಳು ತಿಕ್ಕಿ ಸವೆದ ಹಲ್ಲಿನವೇ. ಬಲಗೈಯಲ್ಲಿ ಬ್ರಷ್ ಹಿಡಿಯುವವರಲ್ಲಿ ಎಡಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಮೇಲೆ ಒತ್ತಡ ಹೆಚ್ಚು ಬೀಳುವುದರಿಂದ ಇಂಥ ಕಚ್ಚು ಅಲ್ಲಿಯೇ ಹೆಚ್ಚಾಗಿ ಕಾಣುತ್ತದೆ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು, ನಿಜ. ಆದರೆ ವಸಡಿನ ಬಳಿ ಅದು ಬಹಳ ತೆಳುವಾಗಿರುತ್ತದೆ ಮತ್ತು ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ವಸಡು ಸರಿದಾಗ ಹೊರಬೀಳುವ ಬೇರಿನ ಭಾಗವಂತೂ ಇನ್ನೂ ಮೃದು. ಅದರೊಳಗಿನ ಸೂಕ್ಷ್ಮ ಕೊಳವೆಗಳ ಮೂಲಕ ತಂಪು ಮತ್ತು ಹುಳಿಯ ಪ್ರಚೋದನೆ ನರವನ್ನು ಮುಟ್ಟುವುದರಿಂದಲೇ ಆ ಜುಮ್ಮೆನ್ನುವ ನೋವು.

ಗಡಸು ಬ್ರಷ್ ವಸಡನ್ನು ಗಾಯಗೊಳಿಸುತ್ತದೆ. ಹಲ್ಲನ್ನು ಕೊರೆಯುವುದು ಮುಖ್ಯವಾಗಿ ಅದರೊಂದಿಗೆ ಬಳಸುವ ಒರಟು ಪುಡಿ. ಆದ್ದರಿಂದ ಇದ್ದಿಲು ಮತ್ತು ಉಪ್ಪನ್ನು ಇಂದೇ ನಿಲ್ಲಿಸಲಿ. ಮೃದು ಎಳೆಯ ಬ್ರಷ್ ತೆಗೆದುಕೊಂಡು, ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟು, ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು ಚಿಕ್ಕ ಚಿಕ್ಕ ಅಲುಗಾಟದಿಂದ ಉಜ್ಜಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಪ್ರತಿ ಸಲ 2 ನಿಮಿಷ ಸಾಕು. ಹಲ್ಲಿನ ಮೇಲೆ ಕೂರುವ ಲೋಳೆಯ ಪದರ ಮೆತ್ತಗಿರುತ್ತದೆ, ಅದಕ್ಕೆ ಬಲ ಬೇಕಿಲ್ಲ. ಗಟ್ಟಿಯಾದ ಕಿಟ್ಟ ಎಷ್ಟು ತಿಕ್ಕಿದರೂ ಹೋಗದು, ಅದನ್ನು ವೈದ್ಯರೇ ತೆಗೆಯಬೇಕು. ಬಾಯಿ ವಾಸನೆ ಹೆಚ್ಚಾಗಿ ನಾಲಿಗೆಯ ಹಿಂಭಾಗದಿಂದ, ಹಲ್ಲಿನ ಸಂದಿಗಳಿಂದ ಅಥವಾ ವಸಡಿನ ರೋಗದಿಂದ ಬರುವಂಥದ್ದು. ನಾಲ್ಕು ಬಾರಿ ಹಲ್ಲುಜ್ಜುವ ಬದಲು ನಾಲಿಗೆಯನ್ನು ಹಗುರವಾಗಿ ಕೆರೆದು ಸಂದಿಗಳನ್ನು ಸ್ವಚ್ಛಗೊಳಿಸುವುದು ಮೇಲು.

ಉತ್ತರ (ಮಧುಗಿರಿಯ ನಿವೃತ್ತ ಶಿಕ್ಷಕ):
ನಮ್ಮ ಹಿರಿಯರು ಬೇವಿನ ಕಡ್ಡಿ, ಹೊಂಗೆ ಕಡ್ಡಿಯಲ್ಲಿ ಹಲ್ಲುಜ್ಜಿ ಗಟ್ಟಿ ಹಲ್ಲು ಉಳಿಸಿಕೊಂಡಿದ್ದರು. ಬ್ರಷ್ ಬಿಟ್ಟು ಕಡ್ಡಿ ಹಿಡಿದರೆ ಆಗದೇ, ಮೇಡಂ?

ಉತ್ತರ (ದಂತವೈದ್ಯೆ, ತುಮಕೂರು):
ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡಿಕೊಂಡು ನಿಧಾನವಾಗಿ ಬಳಸಿದರೆ ಅಡ್ಡಿಯಿಲ್ಲ, ಸರ್. ಅರೆಬರೆ ಜಗಿದ ಕಡ್ಡಿಯಿಂದ ಅಡ್ಡಡ್ಡ ತಿಕ್ಕಿದರೆ ಮಾತ್ರ ಇದೇ ಹಾನಿ ಆಗುತ್ತದೆ. ಇಟ್ಟಿಗೆ ಪುಡಿ, ಬೂದಿಗಳ ಬಳಕೆ ಖಂಡಿತ ಬೇಡ.

ಉತ್ತರ (ಬಾಗೇಪಲ್ಲಿಯ ತಾಯಿ):
ಅಕ್ಕ, ಪಾವಗಡದಂತೆಯೇ ನಮ್ಮ ಕಡೆಯ ಕೊಳವೆಬಾವಿಗಳಲ್ಲೂ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಇಂಥ ನೀರು ಕುಡಿದದ್ದರಿಂದ ಬಂದ ಕಲೆ ಇದು. ಮೇಲೆ ಅಂಟಿದ ಕೊಳೆಯಲ್ಲವಾದ್ದರಿಂದ ಉಜ್ಜಿದರೆ ಹೇಗೆ ಹೋದೀತು? ತಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವನು ಸ್ವಚ್ಛತೆಯಿಲ್ಲದವನಲ್ಲ ಎಂಬುದು ಅವನಿಗೂ, ನೋಡಲು ಬರುವವರಿಗೂ ತಿಳಿಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದಲೇ ಕುಡಿಯಲು ಮತ್ತು ಅಡುಗೆಗೆ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸರಿದ ವಸಡು ಮತ್ತೆ ಕೆಳಗೆ ಬರುತ್ತದೆಯೇ? ಕಲೆಗೆ ಬೇರೆ ಚಿಕಿತ್ಸೆ ಇದೆಯೇ? ಫ್ಲೋರೈಡ್ ಇರುವ ಪೇಸ್ಟನ್ನೂ ಬಿಡಬೇಕೇ?

ಉತ್ತರ (ದಂತವೈದ್ಯೆ, ತುಮಕೂರು):
ಸರಿದ ವಸಡು ತಾನಾಗಿ ಹಿಂದಿರುಗುವುದಿಲ್ಲ. ಒತ್ತಡ ನಿಂತರೆ ಇನ್ನಷ್ಟು ಸರಿಯುವುದನ್ನು ತಡೆಯಬಹುದು. ಬಹಳ ಸರಿದಿದ್ದರೆ ವಸಡಿನ ಕಸಿ ಶಸ್ತ್ರಚಿಕಿತ್ಸೆ ಇದೆ. ಕಚ್ಚನ್ನು ಹಲ್ಲಿನ ಬಣ್ಣದ ಫಿಲ್ಲಿಂಗ್‌ನಿಂದ ಮುಚ್ಚಬಹುದು. ಕಲೆಯ ಆಳಕ್ಕೆ ತಕ್ಕಂತೆ ಮೇಲ್ಪದರವನ್ನು ಅತಿ ತೆಳುವಾಗಿ ತೆಗೆಯುವುದು, ಬ್ಲೀಚಿಂಗ್, ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಮುಂತಾದ ಕ್ರಮಗಳಿವೆ. ಆದರೆ ಬ್ಲೀಚಿಂಗ್ ಜುಮ್ಮೆನ್ನುವುದನ್ನು ಹೆಚ್ಚಿಸಬಹುದಾದ್ದರಿಂದ ಮೊದಲು ಕಚ್ಚಿಗೆ ಚಿಕಿತ್ಸೆಯಾಗಲಿ. ಪೇಸ್ಟ್ ಬಿಡಬೇಕಿಲ್ಲ: ವಯಸ್ಕರಲ್ಲಿ ಅದು ಹೊಸ ಕಲೆ ತರುವುದಿಲ್ಲ, ಹುಳುಕನ್ನು ತಡೆಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಾದರೆ ಜುಮ್ಮೆನ್ನುವುದೂ ಕೆಲವು ವಾರಗಳಲ್ಲಿ ತಗ್ಗಬಹುದು. ನಿಂಬೆ, ಹುಣಸೆ, ತಂಪು ಪಾನೀಯ ಸೇವಿಸಿದ ಕೂಡಲೇ ಉಜ್ಜದೆ, ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಲಿ. ಪಾವಗಡದಿಂದ ತುಮಕೂರಿಗೆ ಬರುವುದಾದರೆ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ವಸಡಿನ ವಿಭಾಗ ಮತ್ತು ಫಿಲ್ಲಿಂಗ್ ವಿಭಾಗ ಎರಡೂ ಅಲ್ಲಿ ಒಂದೇ ಕಡೆ ಸಿಗುತ್ತವೆ. ಈಗ ಬಳಸುತ್ತಿರುವ ಬ್ರಷ್ಷನ್ನೂ ಜೊತೆಗೆ ತನ್ನಿ.