ಪದಚರ್ಚೆ: ಪಳೆಯುಳಿಕೆ ಶಂಖಕ್ಕೆ ‘ಬಲಮುರಿ’ ಎಂದರೆ ಯಾವ ಬಲ?

ಬಳಗದ ಹಿರಿಯರಿಗೂ ಗೆಳೆಯರಿಗೂ ಬಳ್ಳಾರಿಯಿಂದ ನಮಸ್ಕಾರ.

ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಕಪಾಟಿನಲ್ಲಿರುವ ಪಳೆಯುಳಿಕೆಗಳಿಗೆ ಕನ್ನಡದಲ್ಲಿ ಚೀಟಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕಡಲ ಬಸವನಹುಳುಗಳ ಚಿಪ್ಪು. ತಮಿಳುನಾಡಿನ ಅರಿಯಲೂರಿನ ಕ್ರಿಟೇಷಿಯಸ್ ಕಾಲದವು (ಡೈನೋಸಾರ್‌ಗಳ ಕೊನೆಯ ಯುಗ) ಕೆಲವು, ಕಚ್ಛ್‌ನ ಟರಿಟೆಲ್ಲಾಗಳು ಕೆಲವು, ಜೊತೆಗೆ ಹೋಲಿಕೆಗೆಂದು ಇಟ್ಟಿರುವ ಈಗಿನ ಕಾಲದ ಶಂಖ, ಕವಡೆ. ನಮ್ಮ ಜಿಲ್ಲೆಯದು ಒಂದೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಸಂಡೂರು ಗುಡ್ಡದ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಬಸವನಹುಳುಗಳು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 50 ಕೋಟಿ ವರ್ಷ ಅಷ್ಟೇ. ನೋಡಲು ಬರುವ ಮಕ್ಕಳು ಸಿರುಗುಪ್ಪ, ಕಂಪ್ಲಿ, ಸಿಂಧನೂರು ಕಡೆಯವರು. ಅವರಲ್ಲಿ ಕಡಲು ನೋಡಿದವರು ಕಡಿಮೆ, ಶಂಖ ನೋಡದವರು ಯಾರೂ ಇಲ್ಲ. ಆದ್ದರಿಂದಲೇ ಶಂಖಕ್ಕೆ ಸಂಬಂಧಿಸಿದ ಪದಗಳನ್ನು ಎಚ್ಚರದಿಂದ ಬಳಸಬೇಕು ಅನ್ನಿಸುತ್ತದೆ.

ನನ್ನ ಮುಖ್ಯ ಪ್ರಶ್ನೆ ಇದು. ಬಸವನಹುಳುವಿನ ಪಳೆಯುಳಿಕೆಯನ್ನು ವಿವರಿಸುವಾಗ ಮೊದಲು ಹೇಳಬೇಕಾದ ಗುಣಗಳಲ್ಲಿ ಒಂದು, ಚಿಪ್ಪು ಯಾವ ಕಡೆಗೆ ಸುತ್ತಿದೆ ಎಂಬುದು. ವಿಜ್ಞಾನದಲ್ಲಿ ಇದಕ್ಕೆ ಡೆಕ್ಸ್ಟ್ರಲ್ (ಬಲದ್ದು), ಸಿನಿಸ್ಟ್ರಲ್ (ಎಡದ್ದು) ಎಂದು ಎರಡು ಪದಗಳಿವೆ. ಕನ್ನಡದಲ್ಲಿ ಬಾಯಿಗೆ ತಾನಾಗಿ ಬರುವವು ಬಲಮುರಿ, ಎಡಮುರಿ. ತೊಡಕು ಏನೆಂದರೆ, ವಿಜ್ಞಾನದ ‘ಬಲ’ ನಮ್ಮ ಎಡಮುರಿ. ವಿಜ್ಞಾನದ ‘ಎಡ’ ನಮ್ಮ ಬಲಮುರಿ. ಚೀಟಿಯಲ್ಲಿ ಯಾವುದನ್ನು ಬರೆದರೂ ಓದುವವರಲ್ಲಿ ಅರ್ಧ ಜನಕ್ಕೆ ತಿರುಗುಮುರುಗಾಗಿ ಅರ್ಥವಾಗುತ್ತದೆ.

ಹೀಗೇಕೆ ಆಯಿತೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಜ್ಞಾನದವರು ಚಿಪ್ಪಿನ ಚೂಪು ತುದಿ ಮೇಲಕ್ಕೆ, ಬಾಯಿ ತಮ್ಮ ಕಡೆಗೆ ಬರುವಂತೆ ಹಿಡಿಯುತ್ತಾರೆ. ಆಗ ಬಾಯಿ ಬಲಗಡೆ ಇದ್ದರೆ ಡೆಕ್ಸ್ಟ್ರಲ್, ಎಡಗಡೆ ಇದ್ದರೆ ಸಿನಿಸ್ಟ್ರಲ್. ನಮ್ಮ ಸಂಪ್ರದಾಯ ಇದಕ್ಕೆ ತಲೆಕೆಳಗು: ಚೂಪು ತುದಿ ಕೆಳಗೆ, ನಾಳದ ಕಡೆಯ ಉದ್ದನೆಯ ಬಾಲ ಮೇಲೆ. ಹಾಗೆ ಹಿಡಿದಾಗ ಬಾಯಿ ಬಲಕ್ಕೆ ತೆರೆದುಕೊಂಡರೆ ಅದು ಬಲಮುರಿ, ಸಂಸ್ಕೃತದಲ್ಲಿ ದಕ್ಷಿಣಾವರ್ತ. ಚಿಪ್ಪು ಅದೇ, ಹಿಡಿದ ಕೈ ಬೇರೆ. ದೇವರ ಕೋಣೆಯಲ್ಲಿರುವ ಸಾದಾ ಶಂಖಗಳು ಹೆಚ್ಚುಕಡಿಮೆ ಎಲ್ಲವೂ ವಿಜ್ಞಾನದ ಲೆಕ್ಕದಲ್ಲಿ ಡೆಕ್ಸ್ಟ್ರಲ್. ಅಪರೂಪಕ್ಕೆ ಸಿಗುವ, ಜನ ಹುಡುಕಿಕೊಂಡು ಹೋಗುವ ಬಲಮುರಿ ಶಂಖ ಸಿನಿಸ್ಟ್ರಲ್.

ಕರಡು ಚೀಟಿಯಲ್ಲಿ ಡೆಕ್ಸ್ಟ್ರಲ್‌ಗೆ ಬಲಮುರಿ ಎಂದು ಪೆನ್ಸಿಲಿನಲ್ಲಿ ಬರೆದು, ರಾಯಚೂರು ಕಡೆಯವರಾದ ನಮ್ಮ ಸಂಸ್ಕೃತ ಮೇಷ್ಟ್ರಿಗೆ ತೋರಿಸಿದೆ. ಅವರು ಶಂಖವನ್ನು ಕೈಗೆ ತಗೊಂಡು, ಬಾಲ ಮೇಲೆ ಮಾಡಿ ಹಿಡಿದು, ಬಾಯಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದರು: “ಸರ, ಇದು ಸಾದಾ ಶಂಖ ಅದ. ಎಡಮುರಿ. ಬಲಮುರಿ ಅಂದ್ರ ಬ್ಯಾರೆನ ಇರ್ತದ, ಅದು ಸಿಗೂದು ಭಾಳ ಕಷ್ಟ. ನೀವು ಹಿಂಗ ಬರದ್ರ ನಮ್ಮ ಮಂದಿ ಹ್ಯಾಂಗ ಒಪ್ತಾರ್ರೀ?” ಅವರ ಮಾತು ಪೂರ್ತಿ ಸರಿ. ಆ ಪದಕ್ಕೆ ನಮ್ಮ ಜನ ಕೊಟ್ಟ ಅರ್ಥ ವಿಜ್ಞಾನದ ಪಠ್ಯಪುಸ್ತಕಕ್ಕಿಂತ ಎಷ್ಟೋ ಹಳೆಯದು. ಅದನ್ನು ತಿರುವಿ ಹಾಕುವ ಅಧಿಕಾರ ಚೀಟಿ ಬರೆಯುವವನಿಗೆ ಇಲ್ಲ.

ಯಾವ ತುದಿ ಮೇಲಿರಬೇಕು ಎಂಬುದು ಕೇವಲ ರೂಢಿ ಎನ್ನುವುದಕ್ಕೆ ಇನ್ನೊಂದು ಸಾಕ್ಷಿಯಿದೆ. ಫ್ರೆಂಚ್ ಪುಸ್ತಕಗಳಲ್ಲಿ ಬಹುಕಾಲ ಚಿಪ್ಪುಗಳನ್ನು ಚೂಪು ತುದಿ ಕೆಳಗಾಗಿಯೇ ಅಚ್ಚು ಹಾಕುತ್ತಿದ್ದರು. ಅಚ್ಚಿನ ತೊಂದರೆ ಮತ್ತೊಂದು: ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರ ಕಾಗದಕ್ಕೆ ಬರುವಾಗ ಕನ್ನಡಿಯ ಬಿಂಬವಾಗುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಕೊರೆದ ಕೋನಸ್ ಚಿಪ್ಪು ಈ ಕಾರಣಕ್ಕೇ ವಿಜ್ಞಾನದ ಲೆಕ್ಕದಲ್ಲಿ ಎಡಕ್ಕೆ ತಿರುಗಿದಂತೆ ಕಾಣುತ್ತದೆ. ನಿಜವಾದ ಕೋನಸ್ ಮಾರ್ಮೋರಿಯಸ್ ಬಲಕ್ಕೆ. ನಮ್ಮ ಹುಡುಗರು ಮೊಬೈಲಿನಲ್ಲಿ ತೆಗೆದ ಫೋಟೋ ಚೀಟಿಗೆ ಅಂಟಿಸುವಾಗಲೂ ಇದೇ ಎಚ್ಚರಿಕೆ ಬೇಕು, ಏಕೆಂದರೆ ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ತಿರುವಿ ಉಳಿಸುತ್ತದೆ.

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ಯಾರಾದರೂ ಕೇಳಬಹುದು. ಇದೆ, ಏಕೆಂದರೆ ಪ್ರಭೇದದ ಹೆಸರೇ ಎಷ್ಟೋ ಸಲ ಇದರ ಮೇಲೆ ನಿಂತಿರುತ್ತದೆ. ಇಂಗ್ಲೆಂಡಿನ ಪೂರ್ವ ಭಾಗದ ರೆಡ್ ಕ್ರ್ಯಾಗ್ ಎಂಬ ಕೆಂಪು ಮರಳಿನ ಪದರದಲ್ಲಿ ಎಡಕ್ಕೆ ಸುತ್ತಿದ, ನೆಪ್ಚೂನಿಯಾ ಎಂಬ ಕಡಲ ಬಸವನಹುಳುಗಳು ಹೇರಳ. ಜೀವಿಗಳಿಗೆ ಹೆಸರಿಡುವ ಪದ್ಧತಿ ರೂಪಿಸಿದ ಲಿನಿಯಸ್ ಕೊಟ್ಟ ಕಾಂಟ್ರೇರಿಯಾ ಎಂಬ ಹೆಸರಿನಿಂದ ಅವನ್ನು ಬಹುಕಾಲ ಕರೆದರು. ‘ವಿರುದ್ಧವಾದದ್ದು’ ಎಂದೇ ಅದರ ಅರ್ಥ. ದಖ್ಖನ್ ಟ್ರ್ಯಾಪ್‌ನ ಲಾವಾ ಪದರಗಳ ನಡುವೆ ಸಿಗುವ, ಸೊವರ್ಬಿ 1840ರಲ್ಲಿ ಹೆಸರಿಟ್ಟ ಫೈಸಾ ಪ್ರಿನ್ಸೆಪಿ ಎಂಬ ಬಸವನಹುಳು ಕಡಲಿನದಲ್ಲ, ಸಿಹಿನೀರಿನದು. ಅದೂ ಸಿನಿಸ್ಟ್ರಲ್. ಅದರ ಜೊತೆಗೇ ಸಿಗುವ ಲಿಮ್ನಿಯಾ ಡೆಕ್ಸ್ಟ್ರಲ್. ಎರಡೂ ತೆಳು ಚಿಪ್ಪಿನವು, ಎರಡಕ್ಕೂ ದೊಡ್ಡ ಕೊನೆಯ ಸುತ್ತು. ಅರ್ಧ ಒಡೆದ ತುಂಡು ಸಿಕ್ಕರೆ ಬೇರ್ಪಡಿಸಲು ಮೊದಲು ನೋಡುವುದು ತಿರುವಿನ ದಿಕ್ಕನ್ನೇ.

ಪೇಟೆಯಲ್ಲೂ ಇದಕ್ಕೆ ಬೆಲೆಯಿದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಸಿನಿಸ್ಟ್ರೋಫಲ್ಗರ್ ಎಂಬ ಬಸವನಹುಳು ಇದೆ, ಹುಟ್ಟಾ ಎಡಕ್ಕೆ ಸುತ್ತುವಂಥದ್ದು. ಅದನ್ನು ತಂದು ಬಲಮುರಿ ಶಂಖವೆಂದು ಮಾರುವುದುಂಟು. ಬಾಯಿಯೊಳಗೆ ಬೆರಳು ಹಾಕಿ ನಡುಗಂಬವನ್ನು ಮುಟ್ಟಿದರೆ ತಿಳಿಯುತ್ತದೆ: ನಮ್ಮ ಶಂಖದ ಕಂಬಕ್ಕೆ ಮೂರೋ ನಾಲ್ಕೋ ಗಟ್ಟಿ ಮಡಿಕೆಗಳಿರುತ್ತವೆ, ಅದಕ್ಕೆ ಅಂಥವು ಇಲ್ಲ. ಈ ಮಡಿಕೆಗಳನ್ನು ನೋಡಿಯೇ ಲಿನಿಯಸ್ 1767ರಲ್ಲಿ ಶಂಖವನ್ನು ವೊಲ್ಯೂಟಾ ಎಂಬ ಕುಲಕ್ಕೆ (ಜೀನಸ್) ಸೇರಿಸಿ ವೊಲ್ಯೂಟಾ ಪೈರಮ್ ಎಂದು ಕರೆದದ್ದು. ಪೈರಮ್ ಎಂದರೆ ಲ್ಯಾಟಿನ್ನಿನಲ್ಲಿ ಪೇರು ಹಣ್ಣು, ಇಂಗ್ಲಿಷಿನ ‘ಪೇರ್’. ನಮ್ಮ ಕಡೆ ಪೇರಲ ಎನ್ನುವ ಸೀಬೆಯಲ್ಲ. 1799ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಮಾರ್ಕ್ ಟರ್ಬಿನೆಲ್ಲಾ ಎಂಬ ಬೇರೆ ಕುಲ ಮಾಡಿದ ಮೇಲೆ ಹೆಸರು ಟರ್ಬಿನೆಲ್ಲಾ ಪೈರಮ್ (ಲಿನಿಯಸ್, 1767) ಎಂದಾಯಿತು. ಪ್ರಭೇದಕ್ಕೆ ಹೆಸರಿಟ್ಟವರು ಇಟ್ಟಾಗ ಅದು ಬೇರೆ ಕುಲದಲ್ಲಿತ್ತು ಎಂದು ಆ ಕಂಸ ಹೇಳುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಅಂದಕ್ಕೆಂದು ಕಂಸ ತೆಗೆಯುವುದನ್ನೂ ಸೇರಿಸುವುದನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು, ಅದು ಹೆಸರಿನ ಚರಿತ್ರೆ.

ಈಗ ಪದದ ವಿಚಾರ. ತಮಿಳಿನ ವಲಂಪುರಿಯಲ್ಲಿರುವ ‘ಪುರಿ’ ನಮ್ಮ ‘ಹುರಿ’, ಅಂದರೆ ಹೊಸೆತ. ಕನ್ನಡದ ‘ಮುರಿ’ಗೆ ಬಾಗು, ತಿರುಗು ಎಂಬ ಹಳೆಯ ಅರ್ಥವಿದೆ. ಎರಡೂ ಒಳ್ಳೆಯ ಪದಗಳೇ. ಆದರೆ ಬಲಮುರಿ ಎಂದೊಡನೆ ಶಂಖ, ಗಣಪತಿಯ ಸೊಂಡಿಲು, ಪೂಜೆ ಎಲ್ಲ ಜೊತೆಗೇ ಬರುತ್ತವೆ. ಅದನ್ನು ಅದರ ಪಾಡಿಗೆ ಬಿಡೋಣ. ‘ಬಲಬಾಯಿ, ಎಡಬಾಯಿ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಓದಿದ ತಕ್ಷಣ ಅರ್ಥವಾಗುತ್ತದೆ, ಆದರೆ ಅದಕ್ಕೂ ಯಾವ ತುದಿ ಮೇಲೆ ಎಂದು ಮೊದಲು ಹೇಳಲೇಬೇಕು. ಮೇಲಾಗಿ ಪಳೆಯುಳಿಕೆಗಳಲ್ಲಿ ಮೊದಲು ಒಡೆದು ಹೋಗುವುದು ಬಾಯಿಯ ಅಂಚೇ.

ನನ್ನ ಸೂಚನೆ: ಬಲತಿರುಪು, ಎಡತಿರುಪು. ಓಲೆಗೆ, ಮೂಗುಬಟ್ಟಿಗೆ ಹಾಕುವ ತಿರುಪು ಎಲ್ಲರಿಗೂ ಗೊತ್ತು. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿಯಾಗುವ ಸಾಮಾನ್ಯ ತಿರುಪಿನ ಎಳೆ ಯಾವ ಕಡೆಗೆ ಸುತ್ತಿರುತ್ತದೋ ಡೆಕ್ಸ್ಟ್ರಲ್ ಚಿಪ್ಪೂ ಅದೇ ಕಡೆಗೆ ಸುತ್ತಿರುತ್ತದೆ. ಮುಖ್ಯವಾಗಿ, ತಿರುಪನ್ನು ತಲೆಕೆಳಗೆ ಮಾಡಿದರೂ ಅದರ ಎಳೆ ಬದಲಾಗುವುದಿಲ್ಲ. ಚಿಪ್ಪಿನಲ್ಲಿ ಇದನ್ನು ನೋಡುವುದು ಸುಲಭ. ಚಿಪ್ಪನ್ನು ನೆಟ್ಟಗೆ ಹಿಡಿಯಿರಿ, ಯಾವ ತುದಿ ಮೇಲಿದ್ದರೂ ಆದೀತು. ಸುತ್ತು ಸುತ್ತಿನ ನಡುವೆ ಎದುರಿಗೆ ಕಾಣುವ ಸಂದುಗೆರೆ ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರಿದರೆ ಬಲತಿರುಪು. ಬಲಗಡೆಯ ಕೆಳಗಿನಿಂದ ಎಡಗಡೆಯ ಮೇಲಕ್ಕೆ ಏರಿದರೆ ಎಡತಿರುಪು. ಬಾಯಿ ಬೇಡ, ತುದಿ ಬೇಡ, ನಡುವಿನ ಒಂದು ತುಂಡಿದ್ದರೆ ಸಾಕು. ಸಂಸ್ಕೃತ ಮೇಷ್ಟ್ರ ಹಿಡಿತಕ್ಕೂ ನನ್ನ ಹಿಡಿತಕ್ಕೂ ಉತ್ತರ ಒಂದೇ ಬರುತ್ತದೆ. ಈ ಕಾರಣಕ್ಕೆ ನನಗೆ ಈ ಪದದ ಮೇಲೆ ಒಲವು.

ಒಂದು ಕಡೆ ಮಾತ್ರ ಜೋಪಾನ. ಚಿಪ್ಪು ಕರಗಿ ಹೋಗಿ, ಕಲ್ಲಿನಲ್ಲಿ ಅದರ ಹೊರಮೈಯ ಗುರುತು ಮಾತ್ರ ಕುಳಿಯಾಗಿ ಉಳಿದಿದ್ದರೆ ಗೆರೆಗಳು ಉಲ್ಟಾ ಓರೆಯಾಗಿ ಕಾಣುತ್ತವೆ. ಕುಳಿಗೆ ಜೇಡಿಮಣ್ಣನ್ನೋ ಮೇಣವನ್ನೋ ಒತ್ತಿ ತೆಗೆದು ಆಮೇಲೆ ನೋಡಬೇಕು. ಚಿಪ್ಪಿನ ಒಳಗೆ ಕೆಸರು ತುಂಬಿ ಕಲ್ಲಾದ ಮುದ್ದೆಯಲ್ಲಿ ಈ ತೊಂದರೆಯಿಲ್ಲ. ಆದರೆ ಅದರ ಮೈಮೇಲೆ ಚಿಪ್ಪಿನ ಹೊರಗಿನ ಗಂಟು, ಗೆರೆ ಏನೂ ಇರುವುದಿಲ್ಲವಾದ್ದರಿಂದ ಎಷ್ಟೋ ಸಲ ಕುಲದ ಹೆಸರಿನ ಆಚೆಗೆ ಹೋಗಲು ಆಗುವುದಿಲ್ಲ. ಇವೆರಡಕ್ಕೂ ‘ಅಚ್ಚು’ ಎಂಬ ಒಂದೇ ಪದ ಬಳಸಿದರೆ ಓದುವವರು ದಾರಿ ತಪ್ಪುತ್ತಾರೆ. ಹೊರಗಿನದಕ್ಕೆ ‘ಹೊರಗುರುತು’, ಒಳಗಿನದಕ್ಕೆ ‘ಒಳತುಂಬು’ ಎಂದು ಬರೆದಿದ್ದೇನೆ. ಎರಡನೆಯದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು, ತುಂಬು ಎಂದರೆ ಕೆರೆಯ ತೂಬು ನೆನಪಾಗುವವರೂ ಇರಬಹುದು.

ಸಂದುಗೆರೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ‘ಸ್ಯೂಚರ್’ ಎಂಬ ಒಂದೇ ಪದ ಬಸವನಹುಳುವಿಗೂ ಅಳಿದುಹೋದ ಕಡಲಜೀವಿಯಾದ ಅಮೊನೈಟ್‌ಗೂ ನಡೆಯುತ್ತದೆ. ಬಸವನಹುಳುವಿನಲ್ಲಿ ಅದು ಎರಡು ಸುತ್ತುಗಳು ಕೂಡುವ ಗೆರೆ. ಅಮೊನೈಟ್‌ನಲ್ಲಿ ಒಳಗಿನ ಕೋಣೆಗೋಡೆ ಚಿಪ್ಪಿಗೆ ತಾಗುವ, ಜರತಾರಿ ಅಂಚಿನಂತೆ ಅಂಕುಡೊಂಕಾದ ಗೆರೆ. ಎರಡಕ್ಕೂ ‘ಹೊಲಿಗೆ’ ಎಂದು ಅನುವಾದಿಸುವುದನ್ನು ಬಿಡಬೇಕು. ಮೊದಲನೆಯದು ಸಂದುಗೆರೆ, ಎರಡನೆಯದು ಗೋಡೆಗೆರೆ ಎಂದರೆ ಸಾಕು. ಆನೆಗೊಂದಿಯ ನವಬೃಂದಾವನಕ್ಕೆ ಹೋಗಿಬರುವ ಮನೆಗಳಲ್ಲಿ ಪೂಜೆಗಿರುವ, ಗಂಡಕಿ ನದಿಯ ಸಾಲಿಗ್ರಾಮಗಳ ಚಕ್ರ ಅಮೊನೈಟ್‌ನದು. ಅದೂ ಬಸವನಹುಳುವೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ, ಅದು ಕಣವಿ ಮೀನಿನ, ಅಂದರೆ ಸ್ಕ್ವಿಡ್‌ನ ನೆಂಟ. ಇನ್ನೊಂದು ಗೊಂದಲ: ಟರಿಟೆಲ್ಲಾ ಬಸವನಹುಳು, ಟರಿಲೈಟಿಸ್ ಗೋಪುರದಂತೆ ಸುತ್ತಿದ ಅಮೊನೈಟ್. ಎರಡೂ ಲಮಾರ್ಕ್ ಇಟ್ಟ ಹೆಸರು, ಎರಡರಲ್ಲೂ ಲ್ಯಾಟಿನ್ನಿನ ‘ಗೋಪುರ’ವೇ ಇದೆ. ಎರಡನ್ನೂ ‘ಗೋಪುರ ಚಿಪ್ಪು’ ಎಂದು ಕನ್ನಡಿಸಿದರೆ ಬೇರೆ ಬೇರೆ ವರ್ಗಗಳು ಒಂದೇ ಡಬ್ಬಿಗೆ ಬೀಳುತ್ತವೆ. ವೈಜ್ಞಾನಿಕ ಹೆಸರನ್ನು ಕನ್ನಡ ಲಿಪಿಯಲ್ಲಿ ಇದ್ದ ಹಾಗೇ ಬರೆದು, ಅರ್ಥವನ್ನು ಕೆಳಗೆ ಹೇಳುವುದೇ ಸರಿ.

ಇನ್ನು ಜಾತಿ, ಕುಲ, ಪ್ರಭೇದ. ‘ಜೀನಸ್’ಗೆ ಕೆಲವರು ಜಾತಿ ಎನ್ನುತ್ತಾರೆ, ಕೆಲವರು ಕುಲ. ನಾನು ಕುಲದ ಪಕ್ಷ. “ಇದು ಯಾವ ಜಾತಿ ಹಾವು?” ಎಂದು ಊರಲ್ಲಿ ಕೇಳಿದಾಗ ಕೇಳುವುದು ಪ್ರಭೇದವನ್ನೇ; ಅದೇ ಪದವನ್ನು ಮೇಲಿನ ಮೆಟ್ಟಿಲಿಗೆ ಇಟ್ಟರೆ ಮಾತಿಗೂ ಪುಸ್ತಕಕ್ಕೂ ತಾಳ ತಪ್ಪುತ್ತದೆ.

‘ಹೋಲೋಟೈಪ್’ಗೆ ಬರೀ ‘ಮಾದರಿ’ ಸಾಲದು. ಭೂವಿಜ್ಞಾನಿ ಸ್ಟೋಲಿಚ್ಕಾ 1867-68ರಲ್ಲಿ ದಕ್ಷಿಣ ಭಾರತದ ಕ್ರಿಟೇಷಿಯಸ್ ಬಸವನಹುಳುಗಳನ್ನು ವಿವರಿಸಿದರಲ್ಲ, ಅರಿಯಲೂರಿನಿಂದ ಇಂದು ಯಾರೇ ಒಂದು ಚಿಪ್ಪು ತಂದರೂ ಅವರು ವಿವರಿಸಿದ ಮೂಲ ಚಿಪ್ಪುಗಳ ಜೊತೆ ಹೋಲಿಸಿಯೇ ಹೆಸರು ಹೇಳಬೇಕು. ಹೋಲೋಟೈಪ್ ಎಂದರೆ ಪ್ರಭೇದದ ಹೆಸರು ಕಾಯಂ ಆಗಿ ಅಂಟಿಕೊಂಡಿರುವ ಆ ಒಂದೇ ಒಂದು ಚಿಪ್ಪು. ಅದು ಆ ಪ್ರಭೇದದ ಅತಿ ಚೆಂದದ ಚಿಪ್ಪು ಆಗಿರಬೇಕಿಲ್ಲ, ಸರಾಸರಿಯೂ ಆಗಿರಬೇಕಿಲ್ಲ. ‘ನಾಮಾಧಾರ’ ಎಂದರೆ ಈ ಕೆಲಸ ಸ್ಪಷ್ಟವಾಗುತ್ತದೆ ಎಂದು ನನಗೆ ತೋರುತ್ತದೆ. ಇದಕ್ಕಿಂತ ಹಗುರವಾದ ಪದ ಇದ್ದರೆ ತಿಳಿಸಿ.

ಕೊನೆಗೆ ಗಡಿಭಾಗದವರಿಗೆ ಒಂದು ಕೋರಿಕೆ. ನಮ್ಮ ಮಗ್ಗುಲ ತೆಲುಗಿನಲ್ಲಿ ಬಸವನಹುಳುವಿಗೆ ನತ್ತ, ಅದರ ಚಿಪ್ಪಿಗೆ ನತ್ತಗುಲ್ಲ. ಹುಳುವಿಗೊಂದು, ಬರಿದಾದ ಚಿಪ್ಪಿಗೊಂದು ಎಂದು ಎರಡು ಪದ ಇರುವುದು ಪಳೆಯುಳಿಕೆಯ ಕೆಲಸಕ್ಕೆ ಬಹಳ ಅನುಕೂಲ, ಏಕೆಂದರೆ ನಮಗೆ ಸಿಗುವುದು ಯಾವಾಗಲೂ ಚಿಪ್ಪು ಮಾತ್ರ. ಗಂಗಾವತಿ, ಮಾನ್ವಿ, ಸಿರುಗುಪ್ಪ ಕಡೆ ಕಾಲುವೆ ದಂಡೆಯಲ್ಲಿ, ಭತ್ತದ ಗದ್ದೆಯಲ್ಲಿ ಸಿಗುವ ಖಾಲಿ ಚಿಪ್ಪಿಗೆ ಕನ್ನಡ ಮಾತಾಡುವ ಮನೆಗಳಲ್ಲಿ ಏನನ್ನುತ್ತಾರೆ? ಬಾಯಿಯನ್ನು ಮುಚ್ಚಿಕೊಳ್ಳುವ ಬಿಲ್ಲೆಗೆ ಬೇರೆ ಹೆಸರು ಇದೆಯೇ? ಆಯುರ್ವೇದದಲ್ಲಿ ಅದಕ್ಕೆ ನಖ ಎನ್ನುತ್ತಾರೆ, ಆಡುಮಾತಿನದು ಬೇಕು. ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಸೇರಿಸಿ ಬರೆದರೆ ಉಪಕಾರ. ಬಲತಿರುಪು, ಎಡತಿರುಪಿಗೆ ಆಕ್ಷೇಪ ಇರುವವರು ಕಾರಣ ಸಹಿತ ತಿಳಿಸಿ. ಚೀಟಿಗಳು ಇನ್ನೂ ಪೆನ್ಸಿಲಿನಲ್ಲೇ ಇವೆ.